ಎಲೆಕೋಸಿನ ಇನ್ನರ್ಧ

ಊರವರ ಬೀಗಗಳನ್ನೆಲ್ಲ ಬಿಚ್ಚಿಕೊಡುವ ಬೀಗದಣ್ಣನಿಗೆ ತನ್ನ ಮನೆಯ ಬೀಗ ತೆಗೆಯುವುದೆಂದರೆ ಮಾತ್ರ ಬೇಸರ. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು. ಮೂರು ಹೊತ್ತೂ ಬನ್ನು, ಚಹಾ. ತಾನಾಯಿತು, ತನ್ನ ಅಂಗಡಿಯಾಯಿತು. ಕೊನೆಗೆ ವಸಡಿನಲ್ಲಿ ರಕ್ತ ಬಂತು.

"ದಿನಾ ತರಕಾರಿ, ಹಣ್ಣು ತಿನ್ನಿ. ಇಲ್ಲಾಂದ್ರೆ ಒಂದು ಹಲ್ಲೂ ಉಳಿಯಲ್ಲ," ಎಂದರು ಡಾಕ್ಟರು.

ಹೇಳುವುದಕ್ಕೇನು ಕಷ್ಟ? ಡಾಕ್ಟರ ಮನೆಯಲ್ಲಿ ತಿನ್ನುವ ಬಾಯಿ ನಾಲ್ಕಾದರೂ ಇದ್ದಾವು. ಒಬ್ಬರೇ ಕೂತು ಒಂದು ಎಲೆಕೋಸು ಮುಗಿಸಿ ನೋಡಲಿ! ಬೀಗದಣ್ಣನ ಮೊದಲ ಕೋಸು ವಾರದಲ್ಲಿ ಕಪ್ಪಾಗಿ ಕಸದ ತೊಟ್ಟಿ ಸೇರಿತು.

"ಅರ್ಧ ಕೊಡ್ತೀಯೇನಮ್ಮ?" ಎಂದು ಸಂಕೋಚದಿಂದಲೇ ತರಕಾರಿ ಅಂಗಡಿಯವಳನ್ನು ಕೇಳಿದ.

"ಅದಕ್ಕೇನಣ್ಣ, ತಗೊಳ್ಳಿ. ಇನ್ನರ್ಧ ಒಯ್ಯೋರು ಒಬ್ರಿದಾರೆ. ಪಾಪ, ಅವರೂ ಒಬ್ರೇ."

ಅವರೂ ಒಬ್ಬರೇ. ಆ ಮಾತು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಸೋಮವಾರ ಅರ್ಧ ಕೋಸು, ಗುರುವಾರ ಅರ್ಧ ಪರಂಗಿಹಣ್ಣು. ದಂಟು ಜಾಸ್ತಿ ಇರುವ ಭಾಗವನ್ನು ತಾನು ಆರಿಸಿಕೊಂಡು, ಒಳ್ಳೆಯದನ್ನು ಅವರಿಗೆ ಬಿಡುತ್ತಿದ್ದ. ತಟ್ಟೆಯ ಮುಂದೆ ಕೂತಾಗ, "ಈ ಸಲದ ಹಣ್ಣು ಸಪ್ಪೆ, ಅಲ್ವಾ?" ಎಂದು ಗೋಡೆಯನ್ನು ಕೇಳುತ್ತಿದ್ದ. ವಸಡು ವಾಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಊಟಕ್ಕೊಂದು ಜೊತೆ ಸಿಕ್ಕಿತ್ತು.

ಒಂದು ಮಧ್ಯಾಹ್ನ ತರಕಾರಿ ಅಂಗಡಿಯ ಹಿಂದಿನ ಮನೆಯ ಬೀಗ ಬಿಚ್ಚಲು ಹೋದ. ಅಲ್ಲೇ ಅಂಗಡಿಯ ಕಸದ ಬುಟ್ಟಿ. ಸೋಮವಾರದ ಅರ್ಧ ಕೋಸು ಅಂಚು ಕಪ್ಪಾಗಿ ಅದರಲ್ಲಿ ಬಿದ್ದಿತ್ತು. ಕೆಳಗೆ ಹೋದ ವಾರದ ಪರಂಗಿ, ನೊಣ ಮುತ್ತಿತ್ತು. ಒಯ್ಯುವವರು ಯಾರೂ ಇರಲಿಲ್ಲ. ತಾನು ನಾಚಿಕೊಳ್ಳದೆ ಅರ್ಧ ಒಯ್ಯಲಿ ಎಂದು ಆಕೆ ಹೇಳಿದ ಸುಳ್ಳು ಅದು.

ಆಕೆಯ ಮೇಲೆ ಸಿಟ್ಟೇನೂ ಬರಲಿಲ್ಲ. ಆದರೆ ಆ ರಾತ್ರಿ ಊಟ ಬಡಿಸಿಕೊಳ್ಳದೆ ಮಲಗಿದ. ಎರಡನೇ ಸಲ ಒಬ್ಬನೇ ಆಗಿಬಿಟ್ಟಿದ್ದ.

ಮುಂದಿನ ಸೋಮವಾರ ಆಕೆ ಕೋಸಿನ ಮೇಲೆ ಚಾಕು ಇಟ್ಟು, "ಯಾವ ಭಾಗ ಕೊಡ್ಲಿ ಅಣ್ಣ?" ಎಂದಳು.

"ಕತ್ತರಿಸ್ಬೇಡಮ್ಮ, ಪೂರ್ತಿ ಕೊಡು. ಅವರ ಮನೆ ನನ್ನ ದಾರೀಲೇ ಇದೆ. ಇನ್ನರ್ಧ ನಾನೇ ಕೊಟ್ಬಿಡ್ತೀನಿ."

ಆಕೆ ಅವನ ಮುಖವನ್ನೇ ನೋಡಿದಳು. ಚಾಕು ಕೆಳಗಿಟ್ಟು ಕೋಸನ್ನು ಚೀಲಕ್ಕೆ ಹಾಕಿದಳು.

"ನಾನು ಕೇಳಿದೆ ಅಂತ ಹೇಳಿ ಅವರಿಗೆ," ಎಂದಳು ಮೆಲ್ಲಗೆ.

ಮನೆಗೆ ಬಂದು ಬೀಗ ತೆಗೆದು, ಕೋಸನ್ನು ಎರಡು ಹೋಳು ಮಾಡಿದ. ದಂಟಿನ ಭಾಗವನ್ನೇ ತನಗೆ ಇಟ್ಟುಕೊಂಡ. "ಅಂಗಡಿಯಮ್ಮ ನಿಮ್ಮನ್ನ ಕೇಳಿದ್ಲು," ಎಂದು ಇನ್ನರ್ಧಕ್ಕೆ ಹೇಳಿ, ಒಂದೇ ತಟ್ಟೆ ತೊಳೆದುಕೊಂಡ.