ಮಲ್ಪೆಯಲ್ಲಿ ಮುಗಿದ ರೀಲು

ಇವತ್ತು ನಮ್ಮ ಸೋದರಮಾವ ತಾವು ತೆಗೆದ ಹಳೆಯ ಫೋಟೊಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಎಲ್ಲವೂ ಮಲ್ಪೆ ಬಂದರಿನ ದೋಣಿಗಳು. ನೋಡಿ ಮೈ ಉರಿಯಿತು.

ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮೂರು ದೇವಸಮುದ್ರದಿಂದ ಧರ್ಮಸ್ಥಳಕ್ಕೆ ಹೋದವರು ಮಲ್ಪೆಗೂ ಹೋದೆವು. ಊರ ಕೆರೆಗೆ ನೀರು ಬಂದರೇ ಗಂಗಮ್ಮನ ಪೂಜೆ ಮಾಡುವ ಅವ್ವ, ಸಮುದ್ರ ಕಂಡು ಸುಮ್ಮನಿರುತ್ತಾಳೆಯೇ? ಬಂದರಿನ ಕಟ್ಟೆಯ ಮೇಲೆ ಕುಳಿತು ನೀರಿಗೆ ಅರಿಶಿನ ಕುಂಕುಮ ಬಿಟ್ಟಳು.

ಕ್ಯಾಮೆರಾ ಹಿಡಿದ ಮಾವ ಕೂಗಿದರು: "ಅಕ್ಕಾ, ಸರ್ಕೊಳ್ಳೇ, ದೋಣಿಗೆ ಅಡ್ಡ ಬರ್ತೀಯ!"

"ನಂದೂ ಒಂದು ತೆಗಿಯೋ," ಎಂದಳು ಅವ್ವ.

"ನಿನ್ನ ಮುಖ ಊರಾಗೂ ಐತೆ. ದೋಣಿ ಐತಾ?"

ರೀಲೆಲ್ಲ ದೋಣಿಗೇ ಮುಗಿಯಿತು. ಮರುವರ್ಷ ಅವ್ವ ತೀರಿಕೊಂಡಳು. ಅವಳದೊಂದೂ ಫೋಟೊ ಇಲ್ಲದೆ, ಹಿರಿಯರ ಹಬ್ಬದಲ್ಲಿ ಬರೀ ಅವಳ ಸೀರೆಯ ಮುಂದೆ ಎಡೆ ಇಡುತ್ತಿದ್ದೇನೆ.

ಗುಂಪಿನಲ್ಲಿ ಎಲ್ಲರೂ ಭೇಷ್ ಎನ್ನುತ್ತಿದ್ದಾರೆ. ನಾನು ಬರೆದೆ: "ಹೇಳ್ರಿ ಮಾವ, ಈ ಸಲ ಯಾವ ದೋಣಿಗೆ ಎಡೆ ಇಡಲಿ?"