ಹಬೀಬಾ ಹಾಕಿದ ಬೀಗ

ದೋರನಹಳ್ಳಿಗೆ ಕಾಲುವೆ ಬಂದ ಹೊಸದರಲ್ಲಿ ನಾನೂ ಹಜರಾಬೀಯೂ ಒಂದೇ ಸಾಲಿನಲ್ಲಿ ನಿಂತು ಭತ್ತ ನಾಟಿ ಮಾಡುತ್ತಿದ್ದೆವು. ಬದುವಿನ ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿರುತ್ತಿದ್ದ ಅವಳ ಮಗಳೇ ಹಬೀಬಾ. ಆ ಕೂಸು ಬೆಳೆದು, ಶಹಾಪುರಕ್ಕೆ ಹೋಗಿ ಬಂದು ಕಂಪ್ಯೂಟರ್ ಕಲಿತು, ನಮ್ಮ ನೀರಿನ ಸಂಘದ ಕೋಣೆಯಲ್ಲಿ ಕುಳಿತಳು. ಯಾರ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂದು ಹೇಳುವ ಪ್ರೋಗ್ರಾಂ ಅವಳೇ ಬರೆದಳು. ಜೋರಿದ್ದವರು ಕದ್ದು ತಮ್ಮ ಪಾಳಿ ಹಿಗ್ಗಿಸಬಾರದೆಂದು ಅದಕ್ಕೊಂದು ಬೀಗ ಹಾಕಿದಳು. ಅದರ ಕೀಲಿ ಅವಳೊಬ್ಬಳಿಗೇ ಗೊತ್ತಿದ್ದ ಒಂದು ಗುಟ್ಟಿನ ಮಾತು. ಆಮೇಲೆ ಮದುವೆಯಾಗಿ ಸೈದಾಪುರಕ್ಕೆ ಹೋದಳು.

ನನ್ನ ಹೊಲ ಕಾಲುವೆಯ ತೀರ ಕೊನೆಗೆ. ಗಂಡ ತೀರಿದ ವರ್ಷ ಮಳೆಯೂ ಕೈಕೊಟ್ಟಿತ್ತು. ಭತ್ತ ತೆನೆಗೆ ಬಂದಾಗ, ಹೊಲ ಅರ್ಧ ತೊಯ್ಯುವುದರೊಳಗೆ ನನ್ನ ಪಾಳಿ ಮುಗಿಯಿತು. ಮುಂದಿನ ಪಾಳಿಯೂ ಹಾಗೆಯೇ. ವರ್ಷದ ಊಟ ಅದೇ ಭತ್ತ. ಪ್ರೋಗ್ರಾಂನಲ್ಲೇ ಮೋಸವಿದೆ ಎಂದು ಜನ ಆಡಿಕೊಂಡರು. ಹಬೀಬಾಳ ಹತ್ತಿರವೇ ಕಲಿತು ಅವಳ ಕುರ್ಚಿಗೆ ಬಂದ ಅಮರಪ್ಪನಿಗೆ ಹೇಳಿದೆ:

"ಬೀಗ ಮುರದು ಒಳಗ ಏನು ಬರದಾಳ ನೋಡಪ್ಪ."

"ಮುರಿಯಾಕ ಬರ್ತದ ಅವ್ವ. ಖರೇ ಆಕೀನ ಕೇಳದ ಮುರದ್ರ ಕಳ್ಳತನ."

"ನನ್ನ ಬೆಳಿ ಒಣಗಾಕತ್ತದ, ನೀ ಪುರಾಣ ಹಚ್ಚೀದಿ."

"ಮತ್ತ ನಡಿ, ಕೇಳೇ ಬರೋಣ. ಟಿಕೀಟು ನಿಂದು."

ಸೈದಾಪುರದಲ್ಲಿ ಹಬೀಬಾ ಚಹಾ ಕೊಟ್ಟಳು. ಬಂದ ಕಾರಣ ಕೇಳಿ ಅವಳ ಮುಖ ಸಣ್ಣದಾಯಿತು.

"ನಾ ಮೋಸ ಮಾಡೇನಂತ ಅನಸ್ತದೇನು ಕಾಕಿ?"

"ಅನಿಸ್ಯದವ್ವ. ಅದಕ್ಕ ನಿನ್ನ ಕಡೀನ ಬಂದೇನಿ."

ಕಪ್ಪುಗಳನ್ನು ತೊಳೆದಿಟ್ಟು ಬಂದು ಹೇಳಿದಳು: "ಕೀಲಿ ಕೊಡ್ತೀನಿ. ಆದ್ರ ಎಲ್ಲಾರ ಮುಂದ ತಗೀಬೇಕು. ನಾನೂ ಇರ್ತೀನಿ."

ಸಂಘದಲ್ಲಿ ಜನ ಕೂಡಿದರು. ಅಮರಪ್ಪ ಒಂದೊಂದೇ ಸಾಲು ಓದಿ ಅರ್ಥ ಹೇಳಿದ. ಮೋಸವಿರಲಿಲ್ಲ. ಆದರೆ ಯಾರ ಪಾಳಿಯಾದರೂ ಅದರ ಹೊತ್ತಿನ ಎಣಿಕೆ ಕಾಲುವೆಯ ತಲೆಯಲ್ಲಿ ತೂಬು ತೆರೆದ ಗಳಿಗೆಯಿಂದಲೇ ಶುರುವಾಗುತ್ತಿತ್ತು. ನೀರು ನನ್ನ ಹೊಲ ಮುಟ್ಟುವಷ್ಟರಲ್ಲಿ ನನ್ನ ಹೊತ್ತು ದಾರಿಯಲ್ಲೇ ಕಳೆದಿರುತ್ತಿತ್ತು.

ಕಾಲುವೆ ಅಷ್ಟು ನಿಧಾನವೆಂದು ಹಬೀಬಾ ನಂಬಲಿಲ್ಲ. ಮರುದಿನ ತೂಬು ತೆರೆದಾಗ ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನ ಮೊದಲ ನೊರೆಯ ಸಮಕ್ಕೆ ನನ್ನ ಜೊತೆ ನಡೆದಳು. ನೀರು ಒಣ ಎಲೆಗಳನ್ನು ದೂಡಿಕೊಂಡು, ಬಿರುಕು ಕಂಡಲ್ಲಿ ನಿಂತು ಅದಕ್ಕೆ ಕುಡಿಸಿ, ಮತ್ತೆ ಹೊರಡುತ್ತಿತ್ತು.

"ಇಷ್ಟು ನಿಧಾನ ಬರ್ತದೇನು ಕಾಕಿ?"

"ನಿಮ್ಮವ್ವಗ ಗೊತ್ತಿತ್ತು. ನಿನಗ ಜೋಳಿಗ್ಯಾಗ ನಿದ್ದಿ."

ನಕ್ಕಳು. ಸಂಘಕ್ಕೆ ಬಂದು ಅಮರಪ್ಪನನ್ನೇ ಕುರ್ಚಿಯಲ್ಲಿ ಕೂರಿಸಿದಳು.

"ನೀನ ತಿದ್ದು. ನಾ ಬರದದ್ದು ಅಳಸಬ್ಯಾಡ. ಕೆಳಗ ನಿನ್ನ ಸಾಲು, ನಿನ್ನ ಹೆಸರು ಹಾಕು. ಮುಂದ ತಪ್ಪಾದ್ರ ಯಾರಿಗೆ ಕೇಳಬೇಕು ಗೊತ್ತಾಗ್ಲಿ."

ನೀರು ದಾರಿಯಲ್ಲಿ ಕಳೆಯುವ ಹೊತ್ತನ್ನು ಅಮರಪ್ಪ ಪಾಳಿಗೆ ಸೇರಿಸಿದ. ಒಣಗದೆ ಉಳಿದ ಭತ್ತ ಆ ಸಲ ಮನೆಗೆ ಬಂತು.

ಈಗ ಪಾಳಿ ಮೊಬೈಲಿನಲ್ಲಿ ಬರುತ್ತದೆ. ಅದನ್ನು ಬರೆದವರು ಯಾರೋ. ಕೇಳಬೇಕೆಂದರೆ ಯಾವ ಊರಿನ ಬಸ್ಸು ಹತ್ತಬೇಕೋ ತಿಳಿಯದು.