ಬಿಳಿ ಮಾತ್ರೆಯ ಮೂಲ ಹೆಸರು

ಮಳೆನೀರು ಹರಿದುಹೋಗುವ ತೋಡುಗಳನ್ನು ಮುಚ್ಚಿ ಕಟ್ಟಡ ಎಬ್ಬಿಸಲು ಪರವಾನಗಿ ಕೊಟ್ಟವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆ ಮಳೆಗಾಲದಲ್ಲಿ ನಮ್ಮ ನಗರದ ಪಂಪ್‌ವೆಲ್ ಆಸುಪಾಸಿನ ತಗ್ಗಿನ ಮನೆಗಳಿಗೆ ನೀರು ನುಗ್ಗಿದ್ದು ದೈವದ ಮುನಿಸಿನಿಂದಲ್ಲ. ಶಾಲೆಯೊಂದರಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿ ಬಿಸ್ಕತ್ತಿಗೆ, ಚಾಪೆಗೆ ಪಟ್ಟಿಯಿತ್ತು. ಯಾರಿಗೆ ಯಾವ ಔಷಧ ಬೇಕೆಂಬುದಕ್ಕೆ ಇರಲಿಲ್ಲ. ಅದು ಆಡಳಿತದ ತಪ್ಪು. ಜನ ತಂದುಕೊಟ್ಟ ಅರ್ಧ ಖಾಲಿ ಮಾತ್ರೆಪಟ್ಟಿಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿದ್ದು ಅಲ್ಲಿ ಸ್ವಯಂಸೇವೆಗೆ ಹೋಗಿದ್ದ ನನ್ನ ತಪ್ಪು.

ಮಧ್ಯಾಹ್ನ, ಹೋಟೆಲಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬರು ನೆನೆದ ಖಾಲಿ ಮಾತ್ರೆಪಟ್ಟಿಯೊಂದನ್ನು ನನ್ನ ಮುಂದೆ ಹಿಡಿದರು. ಫಿಟ್ಸ್ ಬಾರದಂತೆ ದಿನವೂ ನುಂಗುವ ಮಾತ್ರೆ. ದುಬೈಯಲ್ಲಿರುವ ಗಂಡ ಕಳಿಸುವುದು. ಮನೆಯಲ್ಲಿದ್ದುದೆಲ್ಲ ನೀರುಪಾಲಾಗಿ, ಬೆಳಗಿನ ಮಾತ್ರೆ ಆಗಲೇ ತಪ್ಪಿತ್ತು. ಪಟ್ಟಿಯ ಮೇಲೆ ಸಣ್ಣ ಅಕ್ಷರಗಳು ಅಳಿಸಿ, ಕಂಪನಿಯಿಟ್ಟ ಹೆಸರೂ ಪ್ರಮಾಣವೂ ಮಾತ್ರ ಉಳಿದಿದ್ದವು. ಆ ಹೆಸರನ್ನು ಇಲ್ಲಿನ ಮೆಡಿಕಲ್‌ನವರು ಕೇಳಿಯೇ ಇರಲಿಲ್ಲ. ಫೋನಿನಲ್ಲಿ ಕೇಳಿದರೆ ಗಂಡನಿಗೂ ಗೊತ್ತಿದ್ದದ್ದು ಅದೊಂದೇ ಹೆಸರು.

ನಾನು ಪೆಟ್ಟಿಗೆ ಕೆದಕಿ, ಆಕೆ ಹೇಳಿದಂಥದೇ ಬಿಳಿ ಮಾತ್ರೆಯೊಂದನ್ನು ತೆಗೆದೆ.

"ಎಂತ ಮಾಡ್ತಿದ್ದೀರಿ? ಬಿಳಿ ಇದ್ದದ್ದೆಲ್ಲ ಒಂದೇ ಅಂತ ಉಂಟಾ?" ಉರ್ವ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರಾದ, ಕೇಂದ್ರಕ್ಕೆ ನೆರವಿಗೆ ಬಂದಿದ್ದ ನಿವೃತ್ತ ನರ್ಸ್ ನನ್ನ ಕೈ ಹಿಡಿದರು. "ಭಾಷಣಕ್ಕಾದ್ರೆ ಅಂದಾಜು ಸಾಕು ಮಾರಾಯ್ರೆ, ಮದ್ದಿಗೆ ಸಾಲುದಿಲ್ಲ."

ಅವರು ಫೋನಿನಲ್ಲಿ ಚಂದಾ ಕೇಳದ, ಎಲ್ಲರಿಗೂ ತೆರೆದಿರುವ ಔಷಧಕೋಶವೊಂದನ್ನು ತೆರೆದರು. ಬೇರೆ ಬೇರೆ ದೇಶಗಳಲ್ಲಿ ಮಾರುವ ಹೆಸರು ಕೊಟ್ಟರೆ ಅದು ಮೂಲ ಔಷಧದ ಹೆಸರು ಹೇಳುತ್ತದೆ. ನೆಟ್‌ವರ್ಕ್ ಕ್ಷೀಣ, ಪುಟ ತೆರೆಯಲೊಲ್ಲದು. ಹೆಂಗಸು ಗೋಡೆಗೊರಗಿ ಕುಳಿತರು.

"ಸಿಕ್ಕಿತಾ ಬಾಯಮ್ಮ?" ಕೊನೆಗೂ ಪುಟ ತೆರೆದಾಗ ಹೆಂಗಸು ನರ್ಸನ್ನು ಕೇಳಿದರು.

"ಸಿಕ್ಕಿತು. ಇಲ್ಲಿಯೂ ಉಂಟು, ಬೇರೆ ಹೆಸರಲ್ಲಿ."

ಒಂದೇ ಮದ್ದಿಗೆ ಊರಿಗೊಂದು ಹೆಸರಿಟ್ಟು ರೋಗಿಯನ್ನು ಕತ್ತಲಲ್ಲಿಡುವ ವ್ಯಾಪಾರವನ್ನು ನಾನು ಖಂಡಿಸತೊಡಗಿದೆ. "ಅದು ನಾಳೆ. ಈಗ ಸ್ಕೂಟರ್ ತೆಗೀರಿ," ಎಂದರು ನರ್ಸ್. ಅಷ್ಟರಲ್ಲಿ ಅವರು ಪರಿಚಯದ ವೈದ್ಯರಿಗೆ ಫೋನಿನಲ್ಲಿ ಆ ಪುಟವನ್ನೂ ಪಟ್ಟಿಯ ಮೇಲಿನ ಪ್ರಮಾಣವನ್ನೂ ಓದಿ ಹೇಳಿದ್ದರು. ವೈದ್ಯರು ಒಪ್ಪಿ, ಚೀಟಿಯನ್ನು ಫೋನಿಗೇ ಕಳಿಸಿದರು. ಎರಡನೆಯ ಅಂಗಡಿಯಲ್ಲೇ ಮಾತ್ರೆ ದೊರೆಯಿತು.

ಹೆಂಗಸು ಮಾತ್ರೆ ನುಂಗಿ ನೀರು ಕುಡಿದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತೆ. ನರ್ಸ್ ಮೂಲ ಔಷಧದ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟರು. ಸಂಜೆಯವರೆಗೂ ಫಿಟ್ಸ್ ಬರಲಿಲ್ಲ. ದುಬೈಯಿಂದ ಐದನೆಯ ಬಾರಿ ಕರೆ ಬಂದಾಗ ಆಕೆ ತುಳುವಿನಲ್ಲಿ ಗಂಡನನ್ನು ಗದರುತ್ತಿದ್ದರು: ಮದ್ದು ಸಿಕ್ಕಿದೆ, ಹೆಸರೂ ಸಿಕ್ಕಿದೆ, ಇನ್ನಾದರೂ ಹೋಗಿ ಊಟ ಮಾಡಿ.